ಅಮ್ಮ ಮಾಡಿದ ಇಂಟರ್‌ವ್ಯೂ

ಮೊನ್ನೆ ಗಾಂಧಿ ಬಜಾರಿನಲ್ಲಿ ಹೊಲಿಗೆ ಯಂತ್ರ ರಿಪೇರಿಗೆ ಕೊಟ್ಟು ಕಾಯುತ್ತಿದ್ದೆ. ಕೆಲಸ ಮುಗಿಸಿದವನು ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಮೇಲೆ ಕೆಂಪು ಸೋಪು ಹಚ್ಚಿ ತೊಳೆದುಕೊಂಡ. ಆ ಎರಡು ವಾಸನೆ ಸೇರಿ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ನಮ್ಮ ಕ್ವಾರ್ಟರ್ಸಿನ ಜಗಲಿ ಕಣ್ಣ ಮುಂದೆ ಬಂತು. ಜನರಲ್ ಶಿಫ್ಟ್ ಮುಗಿಸಿ, ಎಷ್ಟು ತೊಳೆದರೂ ಕಾರ್ಖಾನೆಯ ವಾಸನೆ ಬಿಡದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಗಂಡಸರು ಅಲ್ಲಿ ಸಾಲಾಗಿ ಕೂತಿರುತ್ತಿದ್ದರು. ಅವರು ಬರುತ್ತಿದ್ದದ್ದು ಇಂಗ್ಲಿಷಿನ ಡೌಟು ಕೇಳುವುದಕ್ಕೆ. ಅಪ್ಪ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ನೋಡುವ ಗುಮಾಸ್ತ. ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದ ತಪ್ಪಿಗೆ ಇಡೀ ಬೀದಿಗೆ ಮೇಷ್ಟ್ರಾಗಿದ್ದ. ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದಿರಬೇಕು.

ಆ ಡೌಟುಗಳಾದರೂ ಎಂಥವು! 'ಸಿನ್ಸ್' ಎಲ್ಲಿ ಹಾಕಬೇಕು, 'ಫಾರ್' ಎಲ್ಲಿ. 'ಡಿಸ್ಕಸ್' ಆದ ಮೇಲೆ 'ಅಬೌಟ್' ಬರುತ್ತದೋ ಇಲ್ಲವೋ. ಸಾಹೇಬರಿಗೆ 'ಕ್ಯಾನ್ ಯು' ಅಂದರೆ ಕೋಪ ಬರುತ್ತದಾ, 'ಕುಡ್ ಯು' ಅನ್ನಬೇಕಾ. ಅವೇ ಪ್ರಶ್ನೆಗಳು ಬೇರೆ ಬೇರೆ ಬಾಯಲ್ಲಿ ವರ್ಷಗಟ್ಟಲೆ ಬಂದು ಅಪ್ಪನ ಜೀವ ಹಿಂಡುತ್ತಿದ್ದವು. ಎದುರು ಮನೆಯ ಸೆಲ್ವಂ ಮಾಮ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು. "ಸಾರ್, ಒಂದೇ ಒಂದು ಡೌಟು ಸಾರ್, ಕೇಳ್ಬಿಟ್ಟು ಓಡೋಗ್ತೀನಿ" ಎನ್ನುತ್ತಲೇ ಚಪ್ಪಲಿ ಬಿಡುತ್ತಿದ್ದರು. ಚಪ್ಪಲಿ ಬಿಟ್ಟ ಮೇಲೆ ಓಡುವ ಮಾತೆಲ್ಲಿ, ಎರಡನೇ ಲೋಟ ಕಾಫಿ ಆಗದೆ ಏಳುತ್ತಿರಲಿಲ್ಲ. ಅಪ್ಪನೂ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. "ಯಾರ ಹತ್ರ ಆಡೋ ಮಾತಯ್ಯ ಇದು?" ಎಂದು ಮೊದಲು ಕೇಳುತ್ತಿದ್ದ. ಸಾಹೇಬರೋ, ಮಗಳ ಕಾನ್ವೆಂಟಿನ ಸಿಸ್ಟರೋ, ದುಬೈಗೆ ಕಳಿಸುವ ಏಜೆಂಟೋ ಎಂದು ಗೊತ್ತಾದ ಮೇಲೆಯೇ, ದರ್ಜಿ ಅಳತೆ ತೆಗೆದುಕೊಂಡು ಹೊಲಿಯುವ ಹಾಗೆ, ಅವರವರಿಗೆ ತಕ್ಕ ವಾಕ್ಯ ಮಾಡಿಕೊಡುತ್ತಿದ್ದ. ಹೀಗೆ ಬೀದಿಯ ಕಷ್ಟಸುಖವೆಲ್ಲ ನಮ್ಮ ಜಗಲಿಗೆ ಬರುತ್ತಿತ್ತು. ಒಳಗೆ ಅಮ್ಮ ಹುರುಳಿಕಾಯಿ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನನಗೆ ಮಾತ್ರ ಸಿಟ್ಟು. ಊರಿಗೆಲ್ಲ ಸಿಗುವ ಅಪ್ಪ ನನ್ನ ಪಾಲಿಗೆ ಬರುವ ಹೊತ್ತಿಗೆ ಆಕಳಿಸುತ್ತಿದ್ದ.

ತೊಂಬತ್ತರ ದಶಕ ಮುಗಿಯುತ್ತ ಬಂದ ಹಾಗೆ ಕಾರ್ಖಾನೆಗೆ ಅಷ್ಟೊಂದು ಜನ ಬೇಡವಾದರು. ಒಬ್ಬೊಬ್ಬರೇ ವಿ.ಆರ್.ಎಸ್.ಗೆ ಸಹಿ ಹಾಕಿದರು. ಸ್ವಯಂ ನಿವೃತ್ತಿ ಎಂದು ಹೆಸರು, ಸ್ವಂತ ಇಚ್ಛೆಯಿಂದ ಹೋದವರನ್ನು ನಾನಂತೂ ಕಾಣಲಿಲ್ಲ. ಆಗ ಡೌಟುಗಳೂ ಬದಲಾದವು. ಹೊಸ ಕೆಲಸದ ಇಂಟರ್‌ವ್ಯೂನಲ್ಲಿ, ಹಳೆಯ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರೆ ಏನು ಹೇಳುವುದು? ಈ ಪ್ರಶ್ನೆಗೆ ಮಾತ್ರ ಅಪ್ಪ ಅಳತೆ ತೆಗೆಯಲಿಲ್ಲ. ಎಲ್ಲರಿಗೂ ಒಂದೇ ಉತ್ತರ: 'ಫಾರ್ ಬೆಟರ್ ಪ್ರಾಸ್ಪೆಕ್ಟ್ಸ್, ಸರ್.' ಇದಕ್ಕಿಂತ ಒಳ್ಳೆಯ ಭವಿಷ್ಯಕ್ಕೆ ಎಂದು ಅರ್ಥ. ತಲೆ ನರೆತ ಗಂಡಸರು ಮಗ್ಗಿ ಒಪ್ಪಿಸುವ ಹಾಗೆ ಅದನ್ನು ಒಟ್ಟಿಗೆ ಹೇಳುತ್ತಿದ್ದರು.

ಕೊನೆಗೆ ಅಪ್ಪನೂ ಸಹಿ ಹಾಕಿ ಬಂದ. ನಾನಾಗ ಎರಡನೇ ಪಿಯುಸಿ. ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. ಅಷ್ಟರಲ್ಲಿ ಶಿವಮೊಗ್ಗದ ಒಂದು ಖಾಸಗಿ ಕಂಪನಿಯಿಂದ ಆಫೀಸ್ ಕೆಲಸಕ್ಕೆ ಇಂಟರ್‌ವ್ಯೂ ಬಂತು. ಅದು ಸಿಕ್ಕರೆ ನಾನು ಡಿಗ್ರಿ ಓದಬಹುದು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ಸಂಜೆ ಅಮ್ಮ ಹಾಲ್‌ನಲ್ಲಿ ಎದುರುಬದುರು ಎರಡು ಕುರ್ಚಿ ಹಾಕಿ, ಸೆರಗು ಸರಿಮಾಡಿಕೊಂಡು ಒಂದರಲ್ಲಿ ಕೂತಳು. "ರೀ, ಬನ್ನಿ ಇಲ್ಲಿ. ನಾನು ಕೇಳ್ತೀನಿ, ನೀವು ಹೇಳಿ" ಎಂದಳು. ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಆದರೆ ಅಡಿಗೆಮನೆಯಲ್ಲಿ ಕೇಳಿಸಿಕೊಂಡೇ ಅಷ್ಟೂ ಪ್ರಶ್ನೆ ಬಾಯಿಪಾಠವಾಗಿತ್ತು. 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಎಂದು ಗಂಭೀರವಾಗಿ ಶುರುಮಾಡಿದಳು. ಅಪ್ಪ ನಕ್ಕುಬಿಟ್ಟ, ಅವನು ನಕ್ಕು ತಿಂಗಳುಗಳೇ ಆಗಿದ್ದವು. ಕೇಳಿದ್ದಕ್ಕೆಲ್ಲ ಸರಾಗವಾಗಿ ಉತ್ತರ ಹೇಳಿದ. ಎಲ್ಲ ಅರ್ಥವಾದವಳಂತೆ ಅಮ್ಮ ತಲೆಯಾಡಿಸಿದಳು. ಆಮೇಲೆ ಅದೇ ಹುರುಪಿನಲ್ಲಿ, ಹಳೆಯ ಕೆಲಸ ಯಾಕೆ ಬಿಟ್ಟಿರಿ ಎನ್ನುವುದನ್ನೂ ಇಂಗ್ಲಿಷಿನಲ್ಲಿ ಕೇಳಿಬಿಟ್ಟಳು. ಬೀದಿಯ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಉತ್ತರ. 'ಫಾರ್' ಎಂದು ಶುರುಮಾಡಿದ ಅಪ್ಪ ಅಲ್ಲಿಗೇ ಬಿಟ್ಟು ಕುರ್ಚಿ ಹಿಂದಕ್ಕೆ ಸರಿಸಿದ.

"ಇದು ಬೇಡ ಬಿಡಿ. ನಾನು ಆಫೀಸರ್ ಆಗಿದ್ರೆ ಇದನ್ನ ಕೇಳ್ತಾನೇ ಇರ್ಲಿಲ್ಲ" ಎಂದು ಅಮ್ಮ ಎದ್ದಳು. "ಸೆಲೆಕ್ಟ್ ಆದ್ರಿ. ಕೈ ತೊಳ್ಕೊಳ್ಳಿ, ಬಡಿಸ್ತೀನಿ."

ಮರುದಿನ ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದ ಅಪ್ಪ ಬಾಗಿಲಲ್ಲೇ ನಿಂತು, "ಅದನ್ನೇ ಕೇಳಿದ್ರು ಕಣೇ" ಎಂದ. ಅಷ್ಟೇ. ಕಂಪನಿಯಿಂದ ಕರೆ ಬರಲಿಲ್ಲ. ನನ್ನ ಓದು ಪಿಯುಸಿಗೆ ನಿಂತಿತು. ಅದರ ಬಗ್ಗೆ ಈಗ ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲವು ದಿನಗಳ ಮೇಲೆ ಸೆಲ್ವಂ ಮಾಮ ಬಂದರು. ದುಬೈ ಕೆಲಸಕ್ಕೆ ಅವರ ಇಂಟರ್‌ವ್ಯೂ ಇತ್ತು. "ಸಾರ್, ಯಾಕೆ ಬಿಟ್ಟೆ ಅಂತ ಕೇಳಿದ್ರೆ ಅದೇ ಬೆಟರ್ ಪ್ರಾಸ್ಪೆಕ್ಟ್ಸ್ ತಾನೆ ಸಾರ್?"

ಅಪ್ಪ ಅಲ್ಲ ಎಂದು ತಲೆಯಾಡಿಸಿದ. "ನಾನಾಗಿ ಬಿಡಲಿಲ್ಲ, ಅವರಿಗೆ ನಾನು ಬೇಡವಾದೆ ಅಂತ ಹೇಳಿ ಸೆಲ್ವಂ."

"ಅದು ಇಂಗ್ಲಿಷಲ್ಲಿ ಹೆಂಗೆ ಸಾರ್?"

"ನನಗೆ ಬರಲ್ಲ" ಎಂದ ಅಪ್ಪ.

ಸೆಲ್ವಂ ಮಾಮ ಅಂದು ಕಾಫಿಗೆ ಕಾಯದೆ ಎದ್ದು ಹೋದರು. ನಾವು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಬಂದೆವು. ಅಲ್ಲಿ ಡೌಟು ಕೇಳಲು ಯಾರೂ ಬರಲಿಲ್ಲ. ಅಪ್ಪ ಈಗಿಲ್ಲ, ಅಮ್ಮನೂ ಇಲ್ಲ. ಶಿವಮೊಗ್ಗದ ಆ ಆಫೀಸಿನಲ್ಲಿ ಅಪ್ಪ ಏನು ಉತ್ತರ ಕೊಟ್ಟ ಎಂದು ತಿಳಿಯುವ ಆಸೆ ನನಗೆ ಬಹಳ ಇತ್ತು. ಎಷ್ಟೋ ಸಲ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಮ್ಮನೂ ಹಾಗೇ ನುಂಗಿಕೊಂಡಿರಬೇಕು. ಜಗಲಿ ತುಂಬ ಜನ ಕೂತು ವರ್ಷಗಟ್ಟಲೆ ಪ್ರಶ್ನೆ ಕೇಳಿದ ಮನುಷ್ಯನನ್ನು, ಅವನ ಹೆಂಡತಿ ಮತ್ತು ಮಗಳು ಆ ಒಂದನ್ನು ಕೊನೆಯವರೆಗೂ ಕೇಳಲಿಲ್ಲ.