ಅಕ್ಕನ ಚಹಾ ಮತ್ತು ಲಂಡನ್ನಿನ ಒಂದು ತಾಸು

ಈ ವಯಸ್ಸಿನಲ್ಲಿ ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ ಎಂದರೆ ನೀವು ನಗಬಾರದು. ಮಗಳು ಇಲ್ಲಿ ಆಸ್ಪತ್ರೆಯ ಡಾಕ್ಟರು. ಅವಳ ಜೊತೆ ಇರಲು ಈ ಬೇಸಿಗೆಯಲ್ಲಿ ಧಾರವಾಡದಿಂದ ಲಂಡನ್ನಿನ ರೇನರ್ಸ್ ಲೇನಿಗೆ ಬಂದವಳು, ದಿನಾ ಬೆಳಿಗ್ಗೆ ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇನೆ. ಪರೀಕ್ಷೆ ಮಾಡಿ ನಡುವಿನ ತರಗತಿಯಲ್ಲಿ ಕೂರಿಸಿದ್ದಾರೆ. ಪೂರ್ತಿ ದಡ್ಡಿಯಲ್ಲ, ಜಾಣೆಯಂತೂ ಅಲ್ಲ.

ಮೊನ್ನೆ ಶುಕ್ರವಾರದ ಪಾಠ ಗಡಿಯಾರದ್ದು. ಅಕ್ಟೋಬರಿನ ಕೊನೆಯ ಭಾನುವಾರ ಈ ದೇಶದ ಗಡಿಯಾರಗಳೆಲ್ಲ ಒಂದು ತಾಸು ಹಿಂದಕ್ಕೆ ಹೋಗುತ್ತವಂತೆ, ಮಾರ್ಚಿನ ಕೊನೆಗೆ ಮತ್ತೆ ಮುಂದಕ್ಕೆ. ಅಬ್ಬಾ! ಓದುತ್ತ ಓದುತ್ತ ಮೈ ಜುಮ್ಮೆಂದಿತು. ಘಳಿಗೆ ಬಟ್ಟಲು ಮುಳುಗುವುದನ್ನೇ ಕಾದು ಮುಹೂರ್ತ ಇಡುತ್ತಿದ್ದ ನಮ್ಮ ಹಿರಿಯರಿಗೆ ಆ ಬಟ್ಟಲಿಗೇ ಕೈ ಹಾಕುವ ಧೈರ್ಯ ಬಂದಿರಲಿಲ್ಲ. ಇಲ್ಲಿ ರಾಜನಿಂದ ಹಿಡಿದು ಬಸ್ ಡ್ರೈವರನವರೆಗೆ ಎಲ್ಲರೂ ತುಟಿಪಿಟಕ್ಕೆನ್ನದೆ ಒಪ್ಪುತ್ತಾರೆ. ನಮ್ಮಲ್ಲಾಗಿದ್ದರೆ ಒಂದು ದಿನದ ಬಂದ್ ಆದರೂ ಆಗುತ್ತಿತ್ತು. ಪಾಠದ ಕೆಳಗಿನ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಬರೆದು ಬೀಗುತ್ತ ಮನೆಗೆ ಬಂದೆ.

ಧಾರವಾಡದಲ್ಲಿರುವ ನನ್ನ ಅಕ್ಕನ ವಿಷಯ ಮಾತ್ರ ಆ ಪಾಠದಲ್ಲಿ ಇರಲಿಲ್ಲ.

ಅಕ್ಕನ ಮಧ್ಯಾಹ್ನದ ಚಹಾ ಯಾರಿಗಾಗಿಯೂ ಕಾಯುವಂಥದ್ದಲ್ಲ. ಸ್ವಂತ ಮಗನ ಮದುವೆಯಲ್ಲಿ, ಬೀಗರು ಹೊರಡಲು ನಿಂತಿದ್ದಾಗಲೇ ಒಳಗೆ ಹೋಗಿ ಚಹಾ ಕುಡಿದು ಬಂದ ಗಟ್ಟಿಗಿತ್ತಿ. ಬಂದ ಫೋನ್ ಎತ್ತುವುದಷ್ಟೇ ಅವಳಿಗೆ ಗೊತ್ತು. ಹಾಗಾಗಿ ನಾನು ಕ್ಲಾಸು ಮುಗಿಸಿ ಬಂದು, ಕಪ್ಪು ಹಿಡಿದು, ಸರಿಯಾಗಿ ಅವಳ ಚಹಾದ ಹೊತ್ತಿಗೆ ಫೋನ್ ಮಾಡುತ್ತೇನೆ. ಇಬ್ಬರೂ ಕೂಡಿಯೇ ಕುಡಿಯುತ್ತೇವೆ. ಅದಿಲ್ಲದಿದ್ದರೆ ಈ ಊರಿನಲ್ಲಿ ನನ್ನ ದಿನ ಸಾಗುವುದಿಲ್ಲ.

ಗಡಿಯಾರ ಬದಲಾದ ಆ ಭಾನುವಾರವೂ ಎಂದಿನ ಹೊತ್ತಿಗೇ ಫೋನ್ ಮಾಡಿದೆ.

"ಎಲ್ಲಿ ಹಾಳಾಗಿ ಹೋಗಿದ್ದೀ? ಒಂದು ತಾಸಾತು, ಜೀವ ಬಾಯಿಗೆ ಬಂದಿತ್ತು ನನಗ!" ಎಂದಳು ಅಕ್ಕ.

ಆಗ ಹೊಳೆಯಿತು. ಲಂಡನ್ನು ಹಿಂದೆ ಸರಿದಿದೆ, ಧಾರವಾಡ ಇದ್ದಲ್ಲೇ ಇದೆ. ಪಾಠವನ್ನೆಲ್ಲ ವಿವರಿಸಿದೆ.

"ಸೂರ್ಯಾಗ ಹೇಳ್ಯಾರೇನು ಮತ್ತ?" ಎಂದಳು.

ಅಕ್ಕನ ಚಹಾದ ಹೊತ್ತಿಗೆ ಸರಿಹೊಂದಲು ಚಳಿಗಾಲವಿಡೀ ಒಂದು ತಾಸು ಮೊದಲೇ ಫೋನ್ ಮಾಡಬೇಕೆಂದರೆ ಆ ಹೊತ್ತಿಗೆ ನನಗೆ ಕ್ಲಾಸು. "ಕ್ಲಾಸ್ ಬಿಟ್ಟುಬಿಡ್ತೀನಿ ಬಿಡಕ್ಕಾ" ಎಂದೆ.

"ಹುಚ್ಚಿ! ಕ್ಲಾಸ್ ಬಿಟ್ಟೀ ಅಂದ್ರ ನೋಡು ಮತ್ತ! ಇಡೀ ಓಣಿಗೆ ಹೇಳೇನಿ, ನನ್ನ ತಂಗಿ ಇಂಗ್ಲಿಷ್ ಕಲಿಯಾಕತ್ಯಾಳ ಅಂತ. ನಾನ ಚಹಾ ಒಂದು ತಾಸು ತಡಾ ಕುಡೀತೀನಿ. ಮಾರ್ಚ್‌ದಾಗ ನೀವು ನಿಮ್ಮ ಗಡಿಯಾರ ತಿರುವ್ರಿ, ನಾ ನನ್ನ ಚಹಾ ತಿರುವ್ತೀನಿ. ಮುಗೀತು."

ನನ್ನ ಕಪ್ಪಿನಲ್ಲಿದ್ದ ಚಹಾ ಆರಿಹೋಯಿತು.

ಸೋಮವಾರ ಕ್ಲಾಸಿನಲ್ಲಿ ಟೀಚರು ಒಂದು ಪ್ರಶ್ನೆ ಕೊಟ್ಟರು: ಸಮಯವನ್ನು ಬದಲಿಸುವ ಅಧಿಕಾರ ಯಾರಿಗಿದೆ? ಪಾರ್ಲಿಮೆಂಟಿಗೆ ಎಂದು ಬರೆದೆ. ಸರಿ ಎಂದು ಗುರುತು ಹಾಕಿದರು. ಪೂರ್ತಿ ಉತ್ತರ ಬರೆಯುವಷ್ಟು ಇಂಗ್ಲಿಷ್ ನನಗಿನ್ನೂ ಬಂದಿಲ್ಲ.