ಇಂಚಿನ ತೂತಿಗೆ ಮಿಲ್ಲಿಮೀಟರ್ ಬೋಲ್ಟು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಹೋದ ತಿಂಗಳು ಒಂದು ಮದುವೆ ಊಟದಲ್ಲಿ ಪಕ್ಕದವರು ಇಂಗ್ಲೆಂಡಿನ ಹಳೆಯ ಲಾರಿ ಇಂಜಿನ್‌ಗಳನ್ನು ಹೊಗಳುತ್ತಿದ್ದರು. ಅಂಥ ಗಟ್ಟಿ ಕಬ್ಬಿಣ ಈಗೆಲ್ಲಿದೆ, ಅವು ಕೆಟ್ಟದ್ದನ್ನು ನೋಡಿದವರೇ ಇಲ್ಲ ಎಂದರು. ನನಗೆ ಮೈಯೆಲ್ಲ ಉರಿದು ಅರ್ಧ ಊಟಕ್ಕೆ ಎದ್ದುಬಂದೆ. ಕೆಟ್ಟದ್ದನ್ನು ನಾನು ನೋಡಿದ್ದೇನೆ. ಕೆಡಿಸಿದವನೇ ನಾನು.

ಎಂಬತ್ತರ ದಶಕದಲ್ಲಿ ಎಣ್ಣೆ ಬೆಲೆ ಕುಸಿದ ವರ್ಷಗಳವು. ಕೊಲ್ಲಿ ದೇಶದ ರುಸೈಲ್‌ನ ಒಂದು ಸಾಗಣೆ ಕಂಪನಿಯ ವರ್ಕ್‌ಶಾಪಿನಲ್ಲಿ ನಾನು ಫೋರ್‌ಮನ್. ಓದಿದ್ದು ಎಸ್ಸೆಸ್ಸೆಲ್ಸಿ, ಕೆಲಸ ಕಲಿತದ್ದು ಗದಗಿನ ಬಸ್ ಡಿಪೋದಲ್ಲಿ. ನಮ್ಮ ನೀರಿನ ಟ್ಯಾಂಕರ್‌ಗಳಿಗೆಲ್ಲ ಇಂಗ್ಲೆಂಡಿನ ಡೀಸೆಲ್ ಇಂಜಿನ್.

ಅವುಗಳ ಚರಿತ್ರೆ ಹೊಗಳುವವರು ಒಂದು ಮಾತು ಹೇಳುವುದಿಲ್ಲ. ಜಪಾನಿನವರು ಮಿಲ್ಲಿಮೀಟರ್‌ನಲ್ಲಿ ಅಳೆಯುತ್ತಿದ್ದ ಕಾಲಕ್ಕೂ ಇಂಗ್ಲೆಂಡಿನವರು ಇಂಚು ಬಿಡಲಿಲ್ಲ. ಕೊನೆಗೆ ಬಿಟ್ಟಾಗಲೂ ಪೂರ್ತಿ ಬಿಡಲಿಲ್ಲ. ಹಳೆಯ ಅಚ್ಚಿನ ಭಾಗಗಳು ಇಂಚಿನಲ್ಲೇ ಉಳಿದವು, ಹೊಸದಾಗಿ ಸೇರಿಸಿದವು ಮಿಲ್ಲಿಮೀಟರ್‌ನಲ್ಲಿ ಬಂದವು. ಒಂದೇ ಇಂಜಿನ್ನಿನಲ್ಲಿ ಎರಡು ಜಾತಿಯ ಬೋಲ್ಟು! ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ತಪ್ಪು ಬೋಲ್ಟು ಹಾಕಿದರೂ ಮೊದಲ ಕೆಲವು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗಿ, ಸರಿಯಾಗಿ ಕೂತಿತೆಂಬ ಭ್ರಮೆ ಹುಟ್ಟಿಸುತ್ತದೆ. ಅದಕ್ಕೇ ಡಿಪೋದಲ್ಲಿ ಹಳೆ ಬೋಲ್ಟು, ಹೊಸ ಬೋಲ್ಟು ಎರಡನ್ನೂ ಥ್ರೆಡ್‌ಗೆ ಥ್ರೆಡ್ ಕೂಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ನಡುವೆ ಬೆಳಕು ತೂರಿದರೆ ಜಾತಿ ಬೇರೆ. ಹೊಸಬರಿಗೆ ನಾನು ಮೊದಲು ಕಲಿಸುತ್ತಿದ್ದದ್ದೇ ಅದು. ನನಗೆ ಮಾತ್ರ ಅದು ಬೇಕಿಲ್ಲ, ಬೆರಳಿಗೇ ಗೊತ್ತಾಗುತ್ತದೆ ಎಂಬ ಸೊಕ್ಕು.

ಬೆಲೆ ಕುಸಿದದ್ದೇ ಕಂಪನಿಯವರು ಇಂಗ್ಲೆಂಡಿನಿಂದ ಬಿಡಿಭಾಗ ತರಿಸುವುದನ್ನು ನಿಲ್ಲಿಸಿದರು. ಸ್ಟೋರಿನಲ್ಲಿ ಉಳಿದದ್ದು ಜಪಾನಿ ಲಾರಿಗಳ ಸಾಮಾನು. ಇದ್ದುದರಲ್ಲೇ ಮುಗಿಸಿ ಎಂದು ಮ್ಯಾನೇಜರು ತಲೆಯ ಮೇಲೆ ಕೂತಿದ್ದ. ಅವತ್ತು ಒಂದು ಇಂಜಿನ್ನಿನ ತಳ ಬಿಚ್ಚಿ ಕೆಲಸ ಮಾಡುತ್ತಿದ್ದವನು ನನ್ನ ಹೆಂಡತಿಯ ತಮ್ಮ. ಅವಳು ಗಂಟುಬಿದ್ದು ನನ್ನಿಂದ ವೀಸಾ ಕೊಡಿಸಿ ಕರೆಸಿಕೊಂಡಿದ್ದಳು. ಅವನು ಊಟಕ್ಕೆ ಹೋಗಿದ್ದಾಗ, ಆಯಿಲ್ ಎಳೆಯುವ ಪೈಪಿಗೆ ಒಂದು ಬೋಲ್ಟು ಕಡಿಮೆ ಇದ್ದದ್ದು ಕಂಡಿತು. ಸ್ಟೋರಿನಿಂದ ಒಂದು ತಂದು ನಾನೇ ಒತ್ತಿ ತಿರುಗಿಸಿದೆ. ಬೆಳಕಿಗೆ ಹಿಡಿಯಲಿಲ್ಲ. ಅವನು ಬಂದಾಗ, ಮುಗಿಸು ಎಂದೆ.

ಟ್ಯಾಂಕರ್ ಫಂಜಾ ಊರು ದಾಟುವಷ್ಟರಲ್ಲಿ ಪೈಪು ಸಡಿಲಾಗಿ, ಆಯಿಲ್ ಇಲ್ಲದೆ ಇಂಜಿನ್ ಸುಟ್ಟು ನಿಂತಿತು. ಎಳೆದು ತಂದ ಮೇಲೆ ಬಿಚ್ಚಿದವನೂ ಅವನೇ. ಥ್ರೆಡ್ ಕಿತ್ತುಹೋದ ಆ ಬೋಲ್ಟನ್ನು ನನ್ನ ಕೈಗೆ ಕೊಟ್ಟ. ಮ್ಯಾನೇಜರು ಬಂದು ಇದು ಯಾರ ಕೆಲಸ ಎಂದು ಕೇಳಿದ. ಜನರನ್ನು ಮನೆಗೆ ಕಳಿಸಲು ನೆಪ ಹುಡುಕುತ್ತಿದ್ದ ಕಾಲ. ನಾನು ಹೆಂಡತಿಯ ತಮ್ಮನನ್ನು ತೋರಿಸಿದೆ. ಮ್ಯಾನೇಜರು "ಖಲಾಸ್" ಎಂದ. ಅಷ್ಟೇ.

ಆ ಸಂಜೆ ಅಲ್ ಅಜೈಬಾ ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಹೆಂಡತಿ ತಮ್ಮನ ತಟ್ಟೆಗೆ ರೊಟ್ಟಿ ಹಾಕುತ್ತಲೇ ಹೇಳಿದಳು: "ನಿಮ್ಮ ಮಾಮಾನ ಮಾನಾ ಕಳದಿ. ಇನ್ನ ನನಗ ಮಾರಿ ತೋರಸಬ್ಯಾಡ." ಅವನು ತಲೆಯೆತ್ತದೆ ತಿಂದ. ನಾನೂ ತಿಂದೆ. ಗಂಟಲಲ್ಲಿ ಇಳಿಯಿತು, ಥೂ.

ಅವನು ಊರಿಗೆ ಹೋದ. ಅವನ ಮದುವೆಗೂ ಇವಳು ಹೋಗಲಿಲ್ಲ. ಇದಕ್ಕಿಂತ ಹೇಸಿಗೆಯದು ಮುಂದಿದೆ. ಜಗಳದಲ್ಲಿ ನನ್ನ ಮಾತು ಸೋಲುತ್ತಿದೆ ಎನಿಸಿದಾಗಲೆಲ್ಲ, ನಿನ್ನ ತಮ್ಮ ಮಾಡಿದ್ದು ಮರೆತೆಯಾ ಎನ್ನುತ್ತಿದ್ದೆ. ಅವಳು ತಟ್ಟನೆ ಸುಮ್ಮನಾಗುತ್ತಿದ್ದಳು. ಆ ಮೌನ ನನಗೆ ಅನುಕೂಲವಾಗಿತ್ತು. ವರ್ಷಗಟ್ಟಲೆ ಅದನ್ನು ಬಳಸಿದೆ.

ಕೆಲಸ ಬಿಟ್ಟು ಊರಿಗೆ ಬಂದಮೇಲೆ ಒಮ್ಮೆ ಅವನ ಗ್ಯಾರೇಜಿಗೆ ಹೋಗಿ ಅವನೆದುರು ಕೈಮುಗಿದೆ. ಅವನು ಕೈ ಒರೆಸಿಕೊಂಡು ನಕ್ಕ.

"ನನಗ ಅವತ್ತ ಗೊತ್ತಿತ್ತು ಬಿಡ್ರಿ ಮಾಮಾ. ನಿಮ್ಮ ಕೆಲಸ ಹೋಗಿದ್ರ ಅಕ್ಕಾ, ಹುಡುಗೂರು ಬೀದಿಗಿ ಬರ್ತಿದ್ರು, ಅದಕ್ಕ ಬಾಯಿ ಬಿಡಲಿಲ್ಲ. ಆದ್ರ ನನ್ನ ಮುಂದ ಕೈಮುಗದ್ರ ಏನ್ ಬಂತು? ಸುಳ್ಳ ನಂಬಿ ತಮ್ಮನ್ನ ದೂರ ಮಾಡಿದಾಕಿ ಅಕ್ಕ. ಅಕ್ಕನ ಮುಂದ ಹೇಳ್ರಿ."

ಹೇಳುತ್ತೇನೆ ಎಂದು ಬಂದೆ. ಹೇಳಲಿಲ್ಲ. ಇವತ್ತಿಗೂ ಅವಳು ತಮ್ಮನ ಹೆಸರೆತ್ತಿದರೆ ನನ್ನ ಮುಖ ನೋಡಿ, ತಾನೇ ತಪ್ಪು ಮಾಡಿದವಳಂತೆ ಮಾತು ತಿರುಗಿಸುತ್ತಾಳೆ. ನಾನು ಇನ್ನೂ ಕ್ಷಮೆ ಕೇಳದೆ ಇರುವುದು ಅವಳೊಬ್ಬಳಲ್ಲಿ, ನನ್ನ ಹೆಂಡತಿಯಲ್ಲಿ.