ಕೆಂಗೇರಿಯ ಕಾಪಿ

ಶಿವಯೋಗಿಗೆ ಈ ಲೋಕದಲ್ಲಿ ನಂಬಿಕೆಯಿದ್ದದ್ದು ಕೆಂಗೇರಿಯ ಸರ್ವರ್ ಮೇಲೆ. ರಾಜಾಜಿನಗರದ ಜಾನಪದ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವನದು. ಇಲ್ಲಿನ ಮುಖ್ಯ ಸರ್ವರಿನಲ್ಲಿ ಬರೆದದ್ದೆಲ್ಲ ತಾನಾಗಿ ಕೆಂಗೇರಿ ಶಾಖೆಯ ಸರ್ವರಿಗೂ ಹೋಗಬೇಕು; ಎರಡೂ ಕಡೆಯ ಟೇಬಲ್ಲುಗಳು, ಅಂದರೆ ಮಾಹಿತಿ ತುಂಬಿಟ್ಟ ಪಟ್ಟಿಗಳು, ಅಕ್ಷರಕ್ಕಕ್ಷರ ಒಂದೇ ಇರಬೇಕು. "ಎರಡು ಕಡೆ ಇರುವಾಗ ಸಿಡಿಗೆ ಬೇರೆ ಬರೆದಿಡೋದು ದಂಡ ಸಾರ್" ಎಂದು ಆ ಪದ್ಧತಿಯನ್ನು ನಿಲ್ಲಿಸಿದವನೂ ಅವನೇ. ಮಹಾ ಬುದ್ಧಿವಂತ!

ಒಂದು ಟೇಬಲ್ಲಿನಲ್ಲಿ ಅವನ ತಾಯಿ ಶಂಕ್ರವ್ವನ ಬೀಸುಕಲ್ಲಿನ ಪದಗಳಿದ್ದವು. ಭಾನುವಾರಗಳಂದು ಲಗ್ಗೆರೆಯ ಮನೆಯಿಂದ ಆಕೆಯನ್ನು ಆಫೀಸಿಗೆ ಕರೆತಂದು, ಪಕ್ಕದಲ್ಲಿ ಕೂರಿಸಿಕೊಂಡು, ಹಾಡಿದ್ದನ್ನು ಹಾಡಿದ ಹಾಗೆ ನೇರ ಕಂಪ್ಯೂಟರಿಗೆ ಟೈಪ್ ಮಾಡಿದ್ದ. ಕಾಗದಕ್ಕೆ ಇಳಿಸಿರಲಿಲ್ಲ. ಆಮೇಲೆ ಶಂಕ್ರವ್ವನಿಗೆ ಮರೆವು ಹಿಡಿಯಿತು. ಮೊದಲು ಮನೆಯ ದಾರಿ ಮರೆತಳು, ಆಮೇಲೆ ಪದಗಳನ್ನು. ಹೋಗಲಿ, ಸರ್ವರಿನಲ್ಲಿವೆಯಲ್ಲ ಎಂದು ಮಗ ಸಮಾಧಾನ ಮಾಡಿಕೊಂಡ.

ಕೆಂಗೇರಿಯ ಲೈನ್ ಮಾತ್ರ ಹಾಳು. ಮಳೆ ಬಂದರೆ ಕಡಿಯುತ್ತಿತ್ತು, ಅಲ್ಲಿನ ಟೇಬಲ್ಲುಗಳು ವಾರಗಟ್ಟಲೆ ಹಿಂದೆ ಬೀಳುತ್ತಿದ್ದವು. ಒಂದು ಸೋಮವಾರ ಶಿವಯೋಗಿ ಹೊಸ ಲೈನ್ ಹಾಕಿಸಿ, ಹಟ ಹಿಡಿದು ಕೂತು ಎಲ್ಲ ಸರಿಮಾಡಿದ. ಇಲ್ಲಿ ಒತ್ತಿದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಲ್ಲಿರುತ್ತಿತ್ತು. ಖುಷಿಗೆ ಎಲ್ಲರಿಗೂ ಕಾಫಿ ಕೊಡಿಸಿದ.

ಬುಧವಾರ ಸಹೋದ್ಯೋಗಿ ಮಹದೇವ್ ಬೆವರುತ್ತ ಬಂದು ನಿಂತ. "ಗುರು, ಡಬಲ್ ಎಂಟ್ರಿ ಡಿಲೀಟ್ ಮಾಡೋಕೆ ಹೋದೆ ಕಣೋ... ಪದಗಳ ಟೇಬಲ್ ಪೂರ್ತಿ ಖಾಲಿ ಆಗೋಯ್ತು."

ಶಿವಯೋಗಿ ಫೋನಿಗೆ ಹಾರಿದ. ಕೆಂಗೇರಿಯ ಅಟೆಂಡರ್ ಅಂಜಿನಯ್ಯ ಎತ್ತಿಕೊಂಡ.

"ಸರ್ವರ್ ಹಿಂದಿನ ನೀಲಿ ವೈರ್ ಕಿತ್ತಾಕಿ! ಈಗ್ಲೇ!"

"ಕಿತ್ತೆ ಸಾರ್."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಬಸ್ಸು ಹಿಡಿದು ಹೋಗಿ ನೋಡಿದರೆ ಅಲ್ಲೂ ಟೇಬಲ್ ಬರಿದು. ಬರೆದದ್ದನ್ನು ಬರೆದುಕೊಳ್ಳುವ ಯಂತ್ರ ಅಳಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ಅಳಿಸಿತ್ತು. ಆ ಹಾಳು ಲೈನೇ ಇದ್ದಿದ್ದರೆ ಅವ್ವನ ಪದಗಳು ಉಳಿಯುತ್ತಿದ್ದವು. ಕೈಯಾರೆ ಕಳೆದೆನಲ್ಲ ಎಂದು ಶಿವಯೋಗಿ ಅಲ್ಲೇ ಅತ್ತುಬಿಟ್ಟ. ಅಂಜಿನಯ್ಯ ಕಿತ್ತ ವೈರನ್ನು ಕೈಯಲ್ಲಿ ಹಿಡಿದೇ, "ಮತ್ತೆ ಹಾಕ್ಲಾ ಸಾರ್?" ಎಂದ.

ಮನೆಗೆ ಬಂದವನೇ ತಾಯಿಯ ಮುಂದೆ ಕೂತ. "ಅವ್ವಾ, ಬೀಸೂವಾಗ ಹಾಡ್ತಿದ್ಯಲ್ಲ, ಒಂದ್ ಪದ ಹಾಡವ್ವ. ಒಂದ್ ನುಡಿ ಸಾಕು."

ಶಂಕ್ರವ್ವ ಅಕ್ಕರೆಯಿಂದ ನಕ್ಕಳು. "ನನಗೆಲ್ಲಿ ಹಾಡ ಬರತಾವೋ ತಮ್ಮಾ. ನೀನ ಹಾಡು, ನಾ ಕೇಳ್ತೀನಿ."

ಶಿವಯೋಗಿ ಬಾಯಿ ತೆರೆದ. ಅಷ್ಟನ್ನೂ ಟೈಪ್ ಮಾಡಿದವನಿಗೆ ಒಂದು ಸಾಲೂ ನೆನಪಾಗಲಿಲ್ಲ.